ಡಬ್ಬಿಯ ಮೇಲಿನ ಹೆಸರು

ಅಟ್ಟದ ಸಾಮಾನು ಇಳಿಸುವಾಗ ಆ ಡಬ್ಬಿ ಕೈಗೆ ಬಂತು. 2024ರ ದೀಪಾವಳಿ ಮುಗಿದಿತ್ತು. ಬೀದರಿನ ಮನೆಯ ಅಡುಗೆಮನೆಗೆ ಹೊಸ ಕಟ್ಟೆ ಕಟ್ಟಿಸಲೆಂದು ಹಳೆಯ ಭಾಂಡಿಗಳನ್ನೆಲ್ಲ ಪಡಸಾಲೆಯಲ್ಲಿ ಹರವಿದ್ದರು. ರೊಟ್ಟಿ ಮಡಚದೆ ಇಡುವಷ್ಟು ಅಗಲದ, ಗುಂಡನೆಯ ಸ್ಟೀಲಿನ ಡಬ್ಬಿ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ದೇವನಾಗರಿ ಅಕ್ಷರದಲ್ಲಿ ಒಬ್ಬ ಹೆಣ್ಣುಮಗಳ ಹೆಸರು. ಭಾಂಡಿ ಅಂಗಡಿಯವರು ಸಣ್ಣ ಯಂತ್ರವನ್ನು ಪೆನ್ನಿನ ಹಾಗೆ ಹಿಡಿದು, ಕಿರ್ ಎಂದು ಸದ್ದು ಮಾಡುತ್ತ ಕೊರೆದು ಕೊಡುತ್ತಿದ್ದ ಅಕ್ಷರ.

“ಇದು ಉಮರಗಾದ ಕಾಕೂನ ಡಬ್ಬಿ,” ಅಂದ ಅವನು.

“ಇನ್ನೂ ಕೊಟ್ಟಿಲ್ಲೇನ್ರಿ?” ಹೆಂಡತಿ ಕೇಳಿದಳು.

ಕೊಟ್ಟಿರಲಿಲ್ಲ. 1994ರ ಜೂನಿನಲ್ಲಿ ಉಮರಗಾದಿಂದ ವರ್ಗವಾಗಿ ಹೊರಟ ದಿನ ಕಾಕೂ ಅದರ ತುಂಬ ಶೇಂಗಾ ಹೋಳಿಗೆ ಇಟ್ಟು ಬಸ್ಸಿಗೆ ಕಳಿಸಿದ್ದಳು. ಎಂಟು ದಿನ ಇಟ್ಟರೂ ಕೆಡದ ಹೋಳಿಗೆ. ಅದು ಮುಗಿದ ಮೇಲೆ ಡಬ್ಬಿ ತೊಳೆದಿಟ್ಟರು. ಖಾಲಿ ಡಬ್ಬಿ ವಾಪಸು ಕೊಡುವ ಪದ್ಧತಿ ಇಲ್ಲ. ಏನಾದರೂ ತುಂಬಿಯೇ ಕೊಡಬೇಕು. ಪಂಚಮಿಗೆ ಉಂಡಿ ತುಂಬಿ ಕೊಡೋಣ ಅಂದರು, ದಸರೆಗೆ ಅಂದರು, ಆಮೇಲೆ ಮಗಳು ಹುಟ್ಟಿದಳು, ಊರು ಬದಲಾದವು. ಮೂವತ್ತು ವರ್ಷ ಆ ಡಬ್ಬಿ ಸಾಲವಾಗಿಯೇ ಉಳಿಯಿತು.

ಅದೇ ವಾರ ಪುಣೆಯಿಂದ ಮಗಳು ಫೋನು ಮಾಡಿದ್ದಳು. ಶನಿವಾರ ಅವಳ ಮನೆಗೆ ಎಂಟು ಜನ ಊಟಕ್ಕೆ ಬರುವವರಿದ್ದರು. ಯಾರು ಏನು ತಿನ್ನುವುದಿಲ್ಲ, ಯಾರು ಎಷ್ಟೊತ್ತಿಗೆ ಬರುತ್ತಾರೆ, ಯಾವುದನ್ನು ಹೊರಗಿನಿಂದ ತರಿಸುವುದು ಎಂಬುದೆಲ್ಲ ಮೊಬೈಲಿನ ಗುಂಪಿನಲ್ಲಿ ಮೂರು ದಿನ ಮೊದಲೇ ತೀರ್ಮಾನವಾಗಿತ್ತು. ಅದನ್ನು ಕೇಳಿದಾಗ ಅವನಿಗೆ ಥಟ್ಟನೆ ಅನಿಸಿದ್ದು, ಉಮರಗಾದಲ್ಲಿ ನಾಲ್ಕು ವರ್ಷ ತಾನು ಯಾರಿಗೂ ಹೇಳದೆ, ಕೇಳದೆ, ಹಸಿದ ಹೊತ್ತಿಗೆ ಹೋಗಿ ಉಂಡು ಬಂದೆನಲ್ಲ ಎಂದು. ಆಗ ಹಾಗನಿಸಿದ್ದು ನಿಜ. ಆಮೇಲೆ ಆ ಅನಿಸಿಕೆ ಅಷ್ಟು ಸರಳವಾಗಿ ಉಳಿಯಲಿಲ್ಲ.

ಬೀದರಿನ ಹುಡುಗ ಮರಾಠವಾಡದ ಮೂರು ಊರುಗಳ ಅನ್ನ ಉಣ್ಣಲು ಕಾರಣ ಒಂದು ಬ್ಯಾಂಕು. ನಿಜಾಮನ ಕಾಲದಲ್ಲಿ, 1941ರಲ್ಲಿ, ಹೈದರಾಬಾದ್ ಸ್ಟೇಟ್ ಬ್ಯಾಂಕ್ ಎಂದು ಹುಟ್ಟಿ, ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆದ ಸಂಸ್ಥೆ ಅದು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಮೂರು ಪಾಲು ಮಾಡಿದರು. ಬೀದರ್ ಜಿಲ್ಲೆಯನ್ನೂ ಹಾಗೆಯೇ ಹಂಚಿದರು. ಕನ್ನಡದ ತಾಲೂಕುಗಳು ಮೈಸೂರಿಗೆ, ಜಹೀರಾಬಾದ್ ನಾರಾಯಣಖೇಡಗಳು ಆಂಧ್ರಕ್ಕೆ, ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ. ರಾಜ್ಯ ಹೋಯಿತು, ಬ್ಯಾಂಕು ಹೋಗಲಿಲ್ಲ. ಬೀದರ, ಕಲಬುರ್ಗಿ, ಲಾತೂರ, ನಾಂದೇಡ, ಕರೀಂನಗರ ಎಲ್ಲ ಕಡೆ ಅದೇ ಫಲಕ. 1981ರಲ್ಲಿ ಇಪ್ಪತ್ತಮೂರರ ಗುಮಾಸ್ತನಾಗಿ ಸೇರಿದ ಅವನಿಗೆ ಉದಗೀರಿನ ಆದೇಶ ಬಂದಾಗ ಅಪ್ಪ ಹೇಳಿದ ಮಾತು ನೆನಪಿದೆ: “ಉದಗೀರ ಅಂದ್ರ ನಮ್ಮ ಜಿಲ್ಲಾನೇ ಇತ್ತು. ಹೊರಗಿನ ಊರು ಅನಕೋಬ್ಯಾಡ.” 2017ರ ಏಪ್ರಿಲ್ 1ಕ್ಕೆ ಆ ಬ್ಯಾಂಕೂ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಕರಗಿತು. ಮರು ವರ್ಷ ಅವನು ನಿವೃತ್ತನಾದ.

ಉದಗೀರಿಗೆ ಬೀದರಿನಿಂದ ರೈಲಿದೆ. ಭಾಲ್ಕಿ, ಕಮಲನಗರ ದಾಟಿದರೆ ಮಹಾರಾಷ್ಟ್ರ. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಕಮಲನಗರ ಅದು. ಅದರಾಚೆಗಿನ ನಿಲ್ದಾಣಗಳ ಫಲಕದಲ್ಲಿ ಕನ್ನಡವಿಲ್ಲ. ಆದರೆ ರೈಲಿನ ಡಬ್ಬಿಯಲ್ಲಿ ಕೂತ ಹೆಂಗಸರ ಮಾತು ಉದಗೀರ ಬಂದರೂ ನಿಲ್ಲುತ್ತಿರಲಿಲ್ಲ.

ಅಲ್ಲಿ ಅವನಿಗೆ ಕೋಣೆ ಕೊಟ್ಟದ್ದು ಒಂದು ಮುಸಲ್ಮಾನ ಮನೆ. ಮಾಂಸ ತಿನ್ನದ ಲಿಂಗಾಯತರ ಹುಡುಗ ಎಂದು ಗೊತ್ತಾದ ದಿನವೇ ಮನೆಯ ಹಿರಿಯ ಹೆಂಗಸು, ಎಲ್ಲರೂ ಅವಳನ್ನು ಅಮ್ಮೀಜಾನ್ ಅನ್ನುತ್ತಿದ್ದರು, ಒಂದು ಹೊಸ ಪಾತ್ರೆ ತಂದು ಬೇರೆ ಇಟ್ಟಳು. ಶುಕ್ರವಾರ ಆ ಪಾತ್ರೆಯಲ್ಲಿ ಮಸೂರಿನ ಖಿಚಡಿ, ಅದರ ಜೊತೆ ಹುರಿದ ಎಳ್ಳು ಅರೆದು ಹುಣಸೆಹಣ್ಣಿನಲ್ಲಿ ಕದಡಿದ ಖಟ್ಟಾ. ಚಾಪೆಯ ಮೇಲೆ ಹಾಸಿದ ದಸ್ತರಖಾನಿನ ತುದಿಯಲ್ಲಿ ಅವನ ಜಾಗ. ಅವಳ ಮಗ ಮೊದಲ ದಿನವೇ ಹೇಳಿದ್ದ, “ಇದು ನಿಮ್ಮ ಪಾತ್ರೆ, ಇದರಾಗ ನಮ್ದು ಏನೂ ಬೀಳಲ್ಲ.” ಬಿದ್ದಿಲ್ಲ ಕೂಡ. ಇನ್ನೊಬ್ಬರ ನೇಮವನ್ನು ಅಷ್ಟು ನಿಷ್ಠೆಯಿಂದ ಕಾಯ್ದ ಮನೆಯನ್ನು ಅವನು ಮುಂದೆ ಎಲ್ಲಿಯೂ ಕಾಣಲಿಲ್ಲ. ತನ್ನ ಮನೆಯಲ್ಲೂ.

ಆ ಊರಿನಲ್ಲಿದ್ದಾಗಲೇ, 1982ರ ಆಗಸ್ಟಿನಲ್ಲಿ, ಉಸ್ಮಾನಾಬಾದ್ ಜಿಲ್ಲೆಯನ್ನು ಒಡೆದು ಲಾತೂರ ಜಿಲ್ಲೆ ಮಾಡಿದರು. ಉದಗೀರ, ನಿಲಂಗಾ ಅದಕ್ಕೆ ಸೇರಿದವು. ಉಮರಗಾ ಉಸ್ಮಾನಾಬಾದಿನಲ್ಲೇ ಉಳಿಯಿತು. ಆ ಜಿಲ್ಲೆಗೆ ಈಗ ಧಾರಾಶಿವ ಎಂದು ಹೆಸರು.

ನಿಲಂಗಾದ ಎರಡು ವರ್ಷದಲ್ಲಿ ಅವನು ಹೇಳಲೇಬೇಕಾದದ್ದು ಒಂದೇ. ಚಾಲುಕ್ಯರ ಶೈಲಿಯ ನೀಲಕಂಠೇಶ್ವರ ಗುಡಿಯ ಹತ್ತಿರದ ಹೋಟೆಲಿನಲ್ಲಿ ದಿನವೂ ಜೊತೆಗೆ ಚಹಾ ಕುಡಿಯುತ್ತಿದ್ದ ಗೆಳೆಯನಿದ್ದ, ಸರಕಾರಿ ನೌಕರ, ದಲಿತ. 1978ರಲ್ಲಿ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರರ ಹೆಸರಿಡುವ ವಿಚಾರಕ್ಕೆ ಮರಾಠವಾಡದಲ್ಲಿ ದಲಿತರ ಮನೆಗಳು ಸುಟ್ಟಿದ್ದವು. ಆ ಗಾಯ ಇನ್ನೂ ಹಸಿಯಾಗಿತ್ತು. 1986ರ ಏಪ್ರಿಲ್ 14ರಂದು ಗೆಳೆಯ ಮನೆಗೆ ಊಟಕ್ಕೆ ಕರೆದ. ಸಿಹಿ ಮಾಡಿದ್ದಾರೆ, ತಾಯಿ ನೋಡಬೇಕು ಅಂದಿದ್ದಾಳೆ, ಬಾ ಅಂದ. ಇವನು ಹೋದ. ಅಂಗಳದಲ್ಲಿ ಬಾಜಿನ ಮೇಲೆ ಕೂತ. ತಾಯಿ ತಾಟು ತಂದಾಗ ಬಾಯಿಂದ ಬಂದ ಮಾತು, “ಊಟ ಆಗ್ಯಾದ.” ಆಗಿರಲಿಲ್ಲ. ಆ ತಾಯಿ ಒತ್ತಾಯ ಮಾಡಲಿಲ್ಲ. ತಾಟನ್ನು ಹಾಗೆಯೇ ಒಳಗೆ ಒಯ್ದಳು. ಹೊಲಗೇರಿಗೆ ಹೋಗಿ ಶಂಬೋಳಿ ನಾಗಿದೇವನ ಮನೆಯಲ್ಲಿ ಬಸವಣ್ಣ ಉಂಡ ಕಥೆಯನ್ನು ಚಿಕ್ಕಂದಿನಿಂದ ಮಠದ ಪ್ರವಚನದಲ್ಲಿ ಕೇಳಿ ಬೆಳೆದವನು ಅವನು. ಅಮ್ಮೀಜಾನಳ ಮನೆಯಲ್ಲಿ ಉಂಡಿದ್ದವನು. ಆ ಅಂಗಳದಲ್ಲಿ ಗಂಟಲು ಮುಚ್ಚಿದ್ದು ಏನೆಂದು ಅವನಿಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತಿದೆ. ಗೆಳೆಯ ಮರುದಿನವೂ ಚಹಾಕ್ಕೆ ಬಂದ. ಊಟಕ್ಕೆ ಮಾತ್ರ ಮತ್ತೆಂದೂ ಕರೆಯಲಿಲ್ಲ.

ಉಮರಗಾಕ್ಕೆ ಬಂದದ್ದು 1990ರಲ್ಲಿ. ಸೋಲಾಪುರ–ಹೈದರಾಬಾದ್ ಹೆದ್ದಾರಿಯ ಊರು, ರಾತ್ರಿಯಿಡೀ ಲಾರಿಗಳ ಸದ್ದು. ಸುತ್ತಲಿನ ಹಳ್ಳಿಗಳ ಹೆಸರು ಕೇಳಿದರೆ ಸಾಕು: ಆಲೂರ, ಯೇಣೇಗೂರ. ಊರೆಂಬ ಮಾತನ್ನು ಬಾಲಕ್ಕೆ ಕಟ್ಟಿಕೊಂಡ ಮರಾಠಿ ಊರುಗಳು. ಹೆಂಡತಿ ಬೀದರಿನಲ್ಲಿ ಶಾಲೆಯ ಕೆಲಸದಲ್ಲಿದ್ದಳು. ಅವನು ಶನಿವಾರ ಸಂಜೆ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದ. ಉಳಿದ ದಿನಗಳಿಗೆ ಪಕ್ಕದ ಕಾಕಾನ ಮನೆ.

ಕಾಕಾ ಮಾತಾಡುವುದು ಮರಾಠಿ. ಕಾಕೂನ ತವರು ಆಳಂದದ ಕಡೆಯದು, ಅವಳದು ಕನ್ನಡ. ಮಕ್ಕಳು ಶಾಲೆಯಲ್ಲಿ ಮರಾಠಿ ಓದಿ, ಅಪ್ಪನ ಜೊತೆ ಮರಾಠಿಯಲ್ಲೇ ವಾದ ಮಾಡಿ, ಹಸಿವಾದಾಗ ಅಡುಗೆಮನೆಗೆ ಬಂದು ಕನ್ನಡದಲ್ಲಿ ಬೇಡುತ್ತಿದ್ದರು. ಆ ಸೀಮೆಯಲ್ಲಿ ಕನ್ನಡ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಭಾಷೆ. ಸೊಸೆಯಂದಿರು ತಂದದ್ದು, ಅವರೊಡನೆಯೇ ಉಳಿದದ್ದು.

ಮನೆಗೆ ಹೋಗಲು ಕಾರಣ ಬೇಕಿರಲಿಲ್ಲ. ಪಡಸಾಲೆಯಲ್ಲಿ ಕಾಲಿಟ್ಟರೆ ಕಾಕೂ ಒಳಗಿನಿಂದಲೇ, “ಬರ್ರಿ ಸಾಹೇಬ್ರ, ಕೈ ತೊಳಕೋರಿ,” ಅನ್ನುತ್ತಿದ್ದಳು. ಮಣೆ, ಎದುರಿಗೆ ಅಡ್ಡಣಿಗೆ, ಅದರ ಮೇಲೆ ತಾಟು. ಜೋಳದ ರೊಟ್ಟಿ, ತೊಗರಿಬ್ಯಾಳಿ, ಕಲ್ಲಿನಲ್ಲಿ ಕುಟ್ಟಿದ ಶೇಂಗಾಹಿಂಡಿ, ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ, ಇದ್ದ ದಿನ ಮೊಸರು. ಬಂದವರು ಇಬ್ಬರಾದರೆ ಬ್ಯಾಳಿಗೆ ಬಿಸಿನೀರು ಬೀಳುತ್ತಿತ್ತು. ನಾಲ್ವರಾದರೆ ಇನ್ನಷ್ಟು ನೀರು, ಮತ್ತೊಂದು ಒಗ್ಗರಣೆ. ಅಡತಿ ಅಂಗಡಿಯ ಗುಮಾಸ್ತ, ಕಾಶಿಗೆ ಹೊರಟ ಜಂಗಮ, ಬಸ್ಸು ತಪ್ಪಿದ ಬೀಗರು, ಎಮ್ಮೆ ಕೊಳ್ಳಲು ಬಂದವರು, ಎಲ್ಲರೂ ಅದೇ ಸಾಲಿನಲ್ಲಿ. ಯಾರನ್ನೂ ಕರೆದದ್ದಿಲ್ಲ. ಯಾರು ಬಂದರೂ ಮನೆಯವರ ಮುಖದಲ್ಲಿ ಗಡಿಬಿಡಿ ಕಂಡದ್ದಿಲ್ಲ.

ಊಟದ ನಡುವೆ ಕಾಕಾ 1972ರ ಬರದ ಮಾತು ತೆಗೆಯುತ್ತಿದ್ದ. ಪಡಿತರದಲ್ಲಿ ಅಮೆರಿಕದ ಕೆಂಪು ಮಿಲೋ ಜೋಳ ಬಂದದ್ದು, ರೊಟ್ಟಿ ತಟ್ಟಿದರೆ ಕೈಗೆ ಬಾರದ್ದು, ಕಲ್ಲು ಒಡೆಯುವ ಕೆಲಸದಲ್ಲಿ ಸುಕಡಿ ಹಂಚಿದ್ದು. “ಆಗ ಬಾಗಿಲಿಗೆ ಬಂದವರಿಗೆ ಇಲ್ಲ ಅಂದೀವಿ. ಅದು ಇನ್ನೂ ಚುಚ್ಚತದ,” ಎಂದು ಒಮ್ಮೆ ಹೇಳಿದ. ಆಮೇಲೆ ಬಂದವರಿಗೆಲ್ಲ ಆ ಮನೆ ಉಣಬಡಿಸಿದ್ದರಲ್ಲಿ ಆ ವರ್ಷದ ನೆನಪೂ ಇತ್ತು.

ಆದರೆ ದೊಡ್ಡ ಊಟ ಮನೆಯಲ್ಲಿ ಅಲ್ಲ, ಹೊಲದಲ್ಲಿ. ಬೀದರಿನವರು ಎಳ್ಳ ಅಮಾಶಿ ಅನ್ನುವ ದಿನವನ್ನು ಲಾತೂರ, ಧಾರಾಶಿವದವರು ‘ಯೆಳವಸ’ ಅನ್ನುತ್ತಾರೆ. ಕಿವಿಗೊಟ್ಟರೆ ಒಳಗೆ ಕನ್ನಡವೇ ಕೇಳಿಸುತ್ತದೆ. ಅಂದು ಊರಿನ ಬೀದಿ ಬರಿದು. ಕಣಕಿಯ ಸೂಡುಗಳನ್ನು ನಿಲ್ಲಿಸಿ ಕಟ್ಟಿದ ಕೊಪ್ಪೆ, ಅದರೊಳಗೆ ಸುಣ್ಣ ಬಳಿದ ಐದು ಕಲ್ಲು, ಅವೇ ಪಾಂಡವರು. ಅಂಬಲಿಯ ಗಡಿಗೆ ತಲೆಯ ಮೇಲೆ ಹೊತ್ತು ಮನೆಯ ಹಿರಿಯಳು ಮುಂದೆ, ಉಳಿದವರು ಹಿಂದೆ. ಜೋಳದ ಹಿಟ್ಟಿನ ಗಂಜಿಗೆ ಮಜ್ಜಿಗೆ ಬೆರೆಸಿ, ಬಳ್ಳೊಳ್ಳಿ ಹಾಕಿ, ರಾತ್ರಿಯಿಡೀ ಹುಳಿಯಲು ಬಿಟ್ಟ ಅಂಬಲಿ. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಬಟಾಣಿ, ಮೆಂತ್ಯ, ಕೈಗೆ ಸಿಕ್ಕ ಸೊಪ್ಪೆಲ್ಲ ಕೂಡಿಸಿ ಕಡಲೆಹಿಟ್ಟು ಕದಡಿ ಬೇಯಿಸಿದ ಭಜ್ಜಿ. ಸಜ್ಜೆಯ ಉಂಡಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ. ಚರಗ ಚೆಲ್ಲುತ್ತ ಹೊಲದ ಸುತ್ತ ಹೋಗುವಾಗ ಮರಾಠಿ ಮನೆಯ ಹುಡುಗರೂ ಕೂಗುವ ಕೂಗಿನ ಬುಡ ಕನ್ನಡದ್ದು ಎಂದು ಅಲ್ಲಿನ ಹಿರಿಯರೇ ಹೇಳುತ್ತಿದ್ದರು. ಕೂಗುವವರಿಗೆ ಅರ್ಥ ಬೇಕಿರಲಿಲ್ಲ.

ಆ ದಿನದ ನಿಯಮ ಒಂದೇ. ಹೊಲ ಇದ್ದವರು ಹೊಲ ಇಲ್ಲದವರನ್ನು ಒಯ್ಯಬೇಕು. ಬ್ಯಾಂಕಿನವರು, ಮಾಸ್ತರರು, ಕಂಪೌಂಡರು, ಯಾರ ಮನೆಯ ಒಲೆಯೂ ಅಂದು ಹೊತ್ತುವುದಿಲ್ಲ. ಬಾಂದಿನ ಮೇಲೆ ನಡೆದು ಹೊರಟರೆ ಮೂರು ಕೊಪ್ಪೆಯವರು ಮೂರು ಕಡೆಯಿಂದ ಕರೆಯುತ್ತಾರೆ, ಮೂರರಲ್ಲೂ ಕೂಡಬೇಕು, ಮೂರರಲ್ಲೂ ಅಂಬಲಿ ಕುಡಿಯಬೇಕು.

ಅಂಥ ದಿನ, ಅಂಥ ಹೊಲದಲ್ಲೂ ಕಾಕಾನ ಸಾಲಗಡಿ, ಯುಗಾದಿಯಿಂದ ಯುಗಾದಿಗೆ ದುಡಿಯುವ ವರ್ಷದಾಳು, ತನ್ನ ಹೆಂಡತಿ ಮಕ್ಕಳೊಡನೆ ಬೇವಿನ ಗಿಡದ ಆಚೆ ಕೂತು ಉಣ್ಣುತ್ತಿದ್ದ. ತನ್ನ ಮನೆಯಿಂದ ತಂದ ತಾಟಿನಲ್ಲಿ. ಬಡಿಸುವ ಕೈ ತುಸು ಮೇಲೆಯೇ ನಿಲ್ಲುತ್ತಿತ್ತು. ಆ ಜೋಳ ಬಿತ್ತಿದವನು, ಆ ಕೊಪ್ಪೆ ಕಟ್ಟಿದವನು ಅವನೇ. ಎಲ್ಲರೂ ಕೂಡಿ ಉಂಡೆವು ಎಂದು ಇಷ್ಟು ವರ್ಷ ಇವನು ಮಗಳಿಗೆ ಹೇಳುತ್ತ ಬಂದ ಕಥೆಯಲ್ಲಿ ಬೇವಿನ ಗಿಡ ಇರಲಿಲ್ಲ. ಈಗ ಸೇರಿಸಿದ್ದಾನೆ.

1993ರ ಸೆಪ್ಟೆಂಬರ್ 29 ಅನಂತ ಚತುರ್ದಶಿ. ಗಣಪತಿ ಕಳಿಸಿ ಜನ ತಡವಾಗಿ ಮಲಗಿದ್ದರು. ನಸುಕಿನ ನಾಲ್ಕು ಗಂಟೆಗೆ ಕೆಲವು ನಿಮಿಷ ಇರುವಾಗ ನೆಲ ನಡುಗಿತು. ಕಿಲ್ಲಾರಿ, ಸಾಸ್ತೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಹತ್ತಿರ ಹತ್ತಿರ 10,000 ಜನ ಸತ್ತರು. ಔಸಾ, ಉಮರಗಾ ತಾಲೂಕುಗಳಿಗೆ ಬಿದ್ದ ಪೆಟ್ಟು ಎಲ್ಲಕ್ಕಿಂತ ದೊಡ್ಡದು. ಕೊಂದದ್ದು ಮನೆಗಳೇ. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಬಿಸಿಲಿಗೆ ತಂಪಿರಲೆಂದು ಮೇಲೆ ಹೇರಿದ ಗೇಣುಗಟ್ಟಲೆ ಮಣ್ಣಿನ ಮಾಳಿಗೆ. ನೂರಾರು ಜನರಿಗೆ ನೆರಳು ಕೊಟ್ಟ ಪಡಸಾಲೆಗಳೇ ಮಲಗಿದವರ ಮೇಲೆ ಬಿದ್ದವು.

ಕಾಕಾನ ಮನೆ ಬೀಳಲಿಲ್ಲ, ಒಂದು ಗೋಡೆ ಬಿರಿಯಿತು. ಅಂದಿನಿಂದ ತಿಂಗಳುಗಟ್ಟಲೆ ಯಾರೂ ಮಾಳಿಗೆಯ ಕೆಳಗೆ ಮಲಗಲಿಲ್ಲ. ಅಂಗಳದಲ್ಲಿ ಮೂರು ಕಲ್ಲಿಟ್ಟು ಕಾಕೂ ಒಲೆ ಹೂಡಿದಳು. ಸಾಸ್ತೂರಿನ ಕಡೆಯಿಂದ ಬಂದ ನೆಂಟರು, ನೆಂಟರ ನೆಂಟರು, ಆಸ್ಪತ್ರೆಯಲ್ಲಿ ತಮ್ಮವರನ್ನು ಹುಡುಕುತ್ತಿದ್ದವರು, ಎಲ್ಲರಿಗೂ ಅಲ್ಲಿಯೇ ಊಟ. ಯಾರೂ ಮಾತಾಡುತ್ತಿರಲಿಲ್ಲ. ತಾಟಿನ ಮುಂದೆ ಕೂತು ರೊಟ್ಟಿ ಮುರಿಯಲಾಗದ ಒಬ್ಬ ಮುದುಕನಿಗೆ ಕಾಕೂ ತಾನೇ ಮುರಿದು, ಬ್ಯಾಳಿಯಲ್ಲಿ ನೆನೆಸಿ ಕೊಟ್ಟದ್ದನ್ನು ಅವನು ನೋಡಿದ್ದಾನೆ. ಆ ಮುದುಕ ಯಾವ ಜಾತಿ ಎಂದು ಅಂದು ಯಾರೂ ಕೇಳಲಿಲ್ಲ.

ಮುಂದೆ 52 ಹಳ್ಳಿಗಳನ್ನು ಹೊಸ ಜಾಗಕ್ಕೆ ಒಯ್ದು ಕಟ್ಟಿದರು. ನೇರ ರಸ್ತೆ, ಸಿಮೆಂಟಿನ ಮನೆ, ಮನೆಯಿಂದ ಮನೆಗೆ ದೂರ. ಇನ್ನು ಮನೆ ಕೊಲ್ಲುವುದಿಲ್ಲ ಎಂಬ ಭರವಸೆ ದೊಡ್ಡದು, ಅದನ್ನು ಹಗುರವಾಗಿ ಕಾಣುವ ಹಕ್ಕು ಹೊರಗಿನವರಿಗಿಲ್ಲ. ಆದರೆ ದಾರಿಹೋಕ ಬಂದು ಕೂಡುತ್ತಿದ್ದ ಪಡಸಾಲೆ ಆ ನಕಾಶೆಯಲ್ಲಿರಲಿಲ್ಲ.

2024ರ ಡಿಸೆಂಬರ್ 30, ಎಳ್ಳ ಅಮಾಶಿ. ಹೆಂಡತಿ ಡಬ್ಬಿಯ ತುಂಬ ಎಳ್ಳಿನ ಹೋಳಿಗೆ ಇಟ್ಟಳು. ಇಬ್ಬರೂ ಬಸವಕಲ್ಯಾಣದ ಮೇಲೆ ಉಮರಗಾಕ್ಕೆ ಹೊರಟರು. ದಾರಿಯಲ್ಲಿ ಅವನು ಹೊಲಗಳನ್ನೇ ನೋಡುತ್ತಿದ್ದ. ಜೋಳ ಕಡಿಮೆಯಾಗಿದೆ. ಮಳೆಗಾಲದಲ್ಲಿ ಸೋಯಾಬೀನ್ ಬಿತ್ತುತ್ತಾರೆ. ಲಾತೂರ ಅದರ ದೊಡ್ಡ ಪೇಟೆ. ಸೋಯಾ ರೊಕ್ಕ ತರುತ್ತದೆ, ತಾಟಿಗೆ ಬರುವುದಿಲ್ಲ. ಕಣಕಿ ಇಲ್ಲದೆ ಕೊಪ್ಪೆ ಕಟ್ಟಲು ಬೇರೆಯವರ ಹೊಲದಿಂದ ಸೂಡು ಬೇಡಿ ತರುವವರೂ ಇದ್ದಾರೆ. ಹಾಗಿದ್ದರೂ ಆ ದಿನ ಉಮರಗಾದ ಬೀದಿ ಮೊದಲಿನ ಹಾಗೆಯೇ ಬರಿದಾಗಿತ್ತು.

ಕಾಕಾ, ಕಾಕೂ ಇಬ್ಬರೂ ಇಲ್ಲ ಎಂಬ ಸುದ್ದಿ ಎಂದೋ ತಲುಪಿತ್ತು. ಹೊಲದಲ್ಲಿ ಹಿರಿಯ ಸೊಸೆ ಇದ್ದಳು. ಇವನು ನೋಡಿದಾಗ ಹೊಸ ಮದುವಣಗಿತ್ತಿ, ಈಗ ತಲೆ ಬೆಳ್ಳಗಾಗಿದೆ. ಹೆಂಗಸರು ಗಂಡಸರು ಒಂದೇ ಸಾಲಿನಲ್ಲಿ ಕೂತಿದ್ದರು. ಟ್ರ್ಯಾಕ್ಟರ್ ಓಡಿಸುವ ಹುಡುಗನೂ ಅದೇ ಸಾಲಿನಲ್ಲಿದ್ದ; ಹಳೆಯ ಸಾಲಗಡಿಯ ಮೊಮ್ಮಗ ಎಂದು ಆಮೇಲೆ ಗೊತ್ತಾಯಿತು. ರೊಟ್ಟಿಯನ್ನು ಊರಿನಲ್ಲಿ ಬಡಿದು ಮಾರುವವರಿಂದ ತರಿಸಿದ್ದರು. ಹೆಂಡತಿ ಮೆಲ್ಲಗೆ ಕೇಳಿದಳು, ಮನೆಯಲ್ಲಿ ಮಾಡುವುದಿಲ್ಲವೇ ಎಂದು.

“ಅತ್ತಿ ಮಾಡ್ತಿದ್ರು,” ಅಂದಳು ಸೊಸೆ. “ಜೋಳದ ಹಿಟ್ಟು ಮೊದಲೇ ನಾದಿ ಇಡ್ಲಿಕ್ಕೆ ಬರಲ್ಲ, ಬಿರಿತದ. ಗೋಧಿ ಅಲ್ಲ ಅದು. ಒಬ್ರು ಬಂದ್ರೂ ನೀರು ಕಾಸಬೇಕು, ಹಿಟ್ಟು ನಾದಬೇಕು, ಒಲಿ ಮುಂದ ಕೂಡಬೇಕು. ಅತ್ತಿ ಉಣ್ಲಿಕ್ಕೆ ಕೂತಾಗೇ ಯಾರರೇ ಬರ್ತಿದ್ರು. ತಾಟು ಸರಿಸಿ ಎದ್ದು ಹೋಗೋರು. ನೀವು ಬರ್ತಿದ್ರಲ್ಲ ಸಾಹೇಬ್ರ, ಮಧ್ಯಾಹ್ನ ಎರಡೂವರಿಗೆ, ಬ್ಯಾಂಕ್ ಮುಗಿಸಿ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾಲ್ಕು ವರ್ಷ ಕಾಕೂನ ಮುಖದಲ್ಲಿ ಗಡಿಬಿಡಿ ಕಾಣಲಿಲ್ಲ ಎಂದು ನಂಬಿದ್ದವನು, ಅವಳು ಉಂಡದ್ದನ್ನು ಒಮ್ಮೆಯೂ ಕಂಡಿಲ್ಲ ಎಂಬುದನ್ನು ಆ ಹೊಲದಲ್ಲಿ ಕೂತು ಎಣಿಸಿಕೊಂಡ. ಪುಣೆಯ ಮಗಳು ಶನಿವಾರ ಎಂಟು ಜನರ ಜೊತೆಗೆ ತಾನೂ ಬಿಸಿಯಾಗಿ ಉಂಡಳಲ್ಲ ಎಂಬುದೂ ಆಗಲೇ ಹೊಳೆಯಿತು.

ಹೊರಡುವ ಮೊದಲು ಡಬ್ಬಿ ಮುಂದಿಟ್ಟ. “ಕಾಕೂನ ಡಬ್ಬಿ. ಮೂವತ್ತು ವರ್ಷ ನಮ್ಮಲ್ಲೇ ಉಳೀತು. ತಪ್ಪಾಯ್ತು ತಾಯಿ.”

ಸೊಸೆ ಮುಚ್ಚಳದ ಮೇಲೆ ಬೆರಳಾಡಿಸಿ ಓದಿದಳು. “ಇದು ನಮ್ದಲ್ರೀ. ಈ ಹೆಸರಿನವರು ನಮ್ಮ ಮನ್ಯಾಗ ಯಾರೂ ಇಲ್ಲ. ಯಾರ ಮನಿಯಿಂದಲೋ ತುಂಬಿ ಬಂದಿತ್ತು ಕಾಣತದ, ಅತ್ತಿ ಹಂಗೇ ನಿಮಗ ತುಂಬಿ ಕೊಟ್ಟಾರ.” ಹೋಳಿಗೆಯನ್ನು ತಾಟಿಗೆ ಸುರಿದುಕೊಂಡು, ಡಬ್ಬಿ ಒರೆಸಿ, ಭಜ್ಜಿ ತುಂಬಿ ಹೆಂಡತಿಯ ಕೈಗೆ ಕೊಟ್ಟಳು.

ಆ ಮುಚ್ಚಳದ ಮೇಲಿನದೇ ಕಾಕೂನ ಹೆಸರೆಂದು ಅವನು ಇಷ್ಟು ವರ್ಷ ತಿಳಿದಿದ್ದ. ಹಾಗಾದರೆ ಕಾಕೂನ ಹೆಸರೇನು ಎಂದು ಕೇಳಿದ. ಸೊಸೆ ಹೇಳಿದಳು. ನಾಲ್ಕು ವರ್ಷ ಆ ಕೈಯ ರೊಟ್ಟಿ ಉಂಡವನು ಆ ಹೆಸರನ್ನು ಮೊದಲ ಸಲ ಕೇಳಿದ್ದು ತನ್ನ 66ನೇ ವಯಸ್ಸಿನಲ್ಲಿ.